ಪುಣ್ಯ ಬಾಜು ಮನಿಯವರದು, ಪ್ಯಾರಲ ನಂದು

ಒಂದ ಹಣ್ಣು ಪೂರ್ತಿ ತಿಂದು ಹೋಗಲಿ, ಯಾರು ಬ್ಯಾಡ ಅಂತಾರ? ಆದರ ಈ ಅಳಿಲುಗಳ ಚಾಳಿನ ಬ್ಯಾರೆ. ಈ ಹಣ್ಣಿಗೆ ಎರಡು ಕಚ್ಚು, ಆ ಹಣ್ಣಿಗೆ ಒಂದು ಕಚ್ಚು, ಮತ್ತ ಮ್ಯಾಲಿನ ಟೊಂಗಿಗೆ ಹೋಗಿ ಅಲ್ಲಿದ್ದ ಎಲ್ಲಾಕ್ಕಿಂತ ಚಲೋ ಹಣ್ಣಿಗೊಂದು ತೂತು. ಮುಂಜಾನೆ ಎದ್ದು ಹಿತ್ತಲಕ್ಕ ಹೋದ್ರ ಗಿಡದ ಬುಡಕ್ಕ ಬರೇ ಎಂಜಲ ಬಿದ್ದಿರ್ತೈತಿ. ಇರಿವಿ ಮುತ್ತಿರ್ತಾವ, ನೊಣ ಗುಂಯ್ ಅಂತಿರ್ತಾವ. ಅದನ್ನ ಬಳದು ತಿಪ್ಪಿಗೆ ಹಾಕೋದು ನನ್ನ ದಿನದ ಮೊದಲನೇ ಕೆಲಸ. ಆಮ್ಯಾಲೆ ಚಾ.

ನಾವು ಇರೋದು ಧಾರವಾಡದ ಮಾಳಮಡ್ಡಿಯೊಳಗ. ಹಳೇ ಮನಿ, ಹಿಂದ ಸಣ್ಣ ಹಿತ್ತಲ. ಸರದಾರ ತಳಿ ಪ್ಯಾರಲ ಒಂದು, ಚಿಕ್ಕು ಒಂದು, ಡಾಳಿಂಬ ಒಂದು. ಧಾರವಾಡದಾಗ ಇದ್ದು ಥಂಡಿ ದಿನದಾಗ ಮನೀ ಗಿಡದ ಪ್ಯಾರಲ ಹಣ್ಣು ತಿನ್ನದವರ ಜನ್ಮ ಏನ ಜನ್ಮ ಹೇಳ್ರಿ? ಮಳಿಗಾಲದ ಬೆಳಿ ಸಪ್ಪಗಿರ್ತೈತಿ, ಹುಳಾನೂ ಇರ್ತಾವ. ಖರೇ ರುಚಿ ಬರೋದು ಥಂಡಿಯೊಳಗ. ಈ ವರ್ಷ ಗಿಡ ತುಂಬ ಕಾಯಿ ಬಿಟ್ಟೈತಿ. ಆದರ ನಾನು ಮಾತ್ರ ಸಂಜಿಗೆ ಮಾರ್ಕೆಟ್ಟಿಗೆ ಹೋಗಿ, ಬುಟ್ಟಿ ಮುಂದ ಕುಂತ ಅಜ್ಜಿ ಕಡೆ ಚೌಕಾಶಿ ಮಾಡಿ, ರೊಕ್ಕಾ ಕೊಟ್ಟು ಪ್ಯಾರಲ ಹಣ್ಣು ತರಬೇಕು. ಸಿಟ್ಟು ಬರಬಾರದಾ?

ಅಳಿಲಿನ ಮ್ಯಾಲ ಅಲ್ರಿ ನನ್ನ ಪೂರಾ ಸಿಟ್ಟು. ಅದು ಮೂಕ ಪ್ರಾಣಿ. ನನ್ನ ಸಿಟ್ಟು ಬಾಜು ಮನಿ ಕಾಕಾರ ಮ್ಯಾಲ. ದಿನಾ ಸ್ನಾನ ಪೂಜಿ ಮುಗಿಸಿ, ನಮ್ಮಿಬ್ಬರ ನಡುವಿನ ಕಂಪೌಂಡ್ ಗೋಡಿ ಮ್ಯಾಲ ಒಂದು ಮುಷ್ಟಿ ಚುರಮರಿ, ಒಂದು ಮುಷ್ಟಿ ಶೇಂಗಾ ಸುರುವ್ತಾರ. ಅಳಿಲಿಗೆ ಹಾಕಿದ್ರ ಪುಣ್ಯ ಬರ್ತೈತಂತ. ಅವು ಗೋಡಿ ಮ್ಯಾಲ ನಾಷ್ಟಾ ಮಾಡ್ತಾವ, ಊಟಕ್ಕ ನಮ್ಮ ಗಿಡಕ್ಕ ಬರ್ತಾವ. ಕಾಕಾರ ಹಿತ್ತಲದಾಗ ಒಂದು ತುಳಸಿ ಬಿಟ್ರ ಮತ್ತೇನೂ ಇಲ್ಲ, ಪೂರಾ ಫರಸಿ ಹಾಕಿಸ್ಯಾರ. ಅವರಿಗೇನು ಹೋಗೋದೈತಿ?

ಒಂದಿನ ಹೋಗಿ ಹೇಳಿದೆ, "ಕಾಕಾ, ಇದನ್ನೊಂದು ನಿಲ್ಲಸ್ರಿ, ನನ್ನ ಹಣ್ಣು ಒಂದೂ ಉಳಿಯವಲ್ವು." ಅದಕ್ಕ ಅವರು ರಾಮ, ಸೇತುವೆ, ಬೆನ್ನ ಮ್ಯಾಲಿನ ಮೂರು ಗೀರು ಅಂತ ಪುರಾಣ ಶುರು ಮಾಡಿದ್ರು. ಕಾಕು ಒಳಗಿಂದ, "ಇಣಚಿ ಎಷ್ಟರ ತಿಂದೀತು ಬಿಡವಾ ತಂಗಿ, ಅದರ ಹೊಟ್ಟಿ ಎಷ್ಟದೊ?" ಅಂದ್ರು. ಉತ್ತರ ಹಿಂದುಸ್ತಾನದಾಗ ಐದು ಗೀರಿನ ಅಳಿಲೂ ಅದಾವ, ಅಲ್ಲೆ ರಾಮ ಐದೂ ಬೆರಳು ಆಡಿಸಿದ್ನೇನು ಅಂತ ಕೇಳಬೇಕಂತ ನಾಲಿಗಿ ತುದಿಗೆ ಬಂದಿತ್ತು. ಹಿರಿಯರು, ಸುಮ್ಮನಾದೆ. ರಾಮನ ಸೇವಾ ಮಾಡಿದ ಅಳಿಲು ಉಸುಕು ಹೊತ್ತಿತ್ತಂತ. ಇವು ನಮ್ಮ ಮನಿಯೊಳಗ ಏನ ಹೊತ್ತಾವ? ಬಿಸಲಿಗೆ ಒಣಾ ಹಾಕಿದ ಗಾದಿ ಹರದು ಅರಳಿ ಹೊತ್ತಾವ! ಬಾಗಲಿನ ಕಾಲೊರಸು ಎಳದು ಅದರ ನಾರು ಹೊತ್ತಾವ. ಎಲ್ಲಾ ಒಯ್ದು ಏಸಿಯ ಹೊರಗಿನ ಡಬ್ಬಿ ಹಿಂದ ಗೂಡು ಕಟ್ಟ್ಯಾವ. ಈಗ ಅದರಾಗ ಮರಿ ಅದಾವ. ತಗಿಯಾಕೂ ಮನಸ ಬರವಲ್ದು.

ಇನ್ನ ದೀಡ ಪಂಡಿತರ ಸಲಹಾ ಕೇಳ್ರಿ. ಆಫೀಸಿನಾಗ ಒಬ್ಬರು ಹೇಳಿದ್ರು, ಮೆಣಸಿನಕಾಯಿ ನೀರು ಹೊಡೀರಿ ಅಂತ. ನಮ್ಮ ಮನಿಯೊಳಗ ಇರೋದು ಬ್ಯಾಡಗಿ. ಬ್ಯಾಡಗಿ ಮೆಣಸಿನಕಾಯಿ ಅಂದ್ರ ಬಣ್ಣಕ್ಕ ಹೆಸರಾದದ್ದು, ಖಾರ ಕಡಿಮಿ. ಹಣ್ಣು ಕೆಂಪಾದವು, ಅಳಿಲು ಕ್ಯಾರೇ ಅನ್ನಲಿಲ್ಲ. ಗುಂಟೂರು ತಂದು ಅರದು ಹೊಡದ್ರ ಒಂದೆರಡು ದಿನ ದೂರ ಇದ್ವು, ಅಷ್ಟರೊಳಗ ಗಿಳಿ ಬಂದ್ವು. ಹಕ್ಕಿಗೆ ಮೆಣಸಿನಕಾಯಿ ಖಾರ ಹತ್ತೂದ ಇಲ್ಲ. ಶ್ರಾವಣದಾಗ ಚಿಕ್ಕುಗಿಡಕ್ಕೂ ಹೊಡದು ನೋಡಿದ್ದೆ, ಜಿಟಿಜಿಟಿ ಮಳಿಗೆ ಎಲ್ಲಾ ತೊಳಕೊಂಡು ಹೋತು. ನುಸಿ ಗುಳಿಗಿ ಕಟ್ಟು ಅಂದ್ರು ಇನ್ನೊಬ್ಬರು. ಸಣ್ಣ ಹುಡುಗರು ಆಡೋ ಹಿತ್ತಲದಾಗ ಆ ವಿಷ ಎಲ್ಲಿ ಕಟ್ಟಲಿ? ಆನ್‌ಲೈನ್‌ನಾಗ ತರಿಸಿದ ಪ್ಲಾಸ್ಟಿಕ್ ಗೂಗಿ ತಲಿ ಮ್ಯಾಲ ಕುಂತು ಒಂದು ಅಳಿಲು ಚಿಕ್ ಚಿಕ್ ಅಂತ ಬಾಲಾ ಕುಣಸ್ತಿತ್ತು. ಮನಶಾರಿಗೆ ಕೇಳದ ಸಪ್ಪಳ ಮಾಡ್ತೈತಿ ಅಂತ ಮಾರಿದ ಮಶೀನಿನ ಸಪ್ಪಳ ಅವಕ್ಕೂ ಕೇಳಿಲ್ಲ ಅಂತ ಕಾಣ್ತೈತಿ.

ಹಣ್ಣು ಹೋದ್ರ ಹೋಗಲಿ ಅಂದ್ಕೋಬಹುದು. ಆದರ ಇವು ಡ್ರಿಪ್ ಪೈಪನ್ನೂ ಬಿಡವಲ್ವು. ಅಳಿಲಿನ ಮುಂದಿನ ಹಲ್ಲು ಜೀವ ಇರೋತನಕ ಬೆಳಕೋಂತ ಇರ್ತಾವ, ಏನರ ಕಡೀತಾ ಇದ್ರ ಮಾತ್ರ ಸವೀತಾವ. ಅದಕ್ಕ ಪೈಪು, ವಾಯರು, ಇಂಟರ್ನೆಟ್ಟಿನ ಕೇಬಲ್ಲು, ಎಲ್ಲಾ ಅವಕ್ಕ ಹಲ್ಲು ಮಸಿಯೋ ಕಲ್ಲು. ನಮ್ಮ ಓಣಿಗೆ ನಳದ ನೀರು ದಿನಾ ಬರಂಗಿಲ್ರಿ. ಸವದತ್ತಿ ಕಡಿಂದ ಮಲಪ್ರಭಾ ನೀರು ಬರೋದನ್ನ ಕಾಯ್ದು, ಬಂದ ದಿನ ಟಾಕಿ, ಬ್ಯಾರಲ್ಲು, ಕೊಡ ಎಲ್ಲಾ ತುಂಬಿ ಇಟ್ಕೊಂಡಿರ್ತೇವಿ. ಆ ನೀರು ರಾತ್ರಿ ಪೂರಾ ತೂತು ಪೈಪಿನಾಗಿಂದ ಹರದು ಗಟಾರಕ್ಕ ಹೋಗಿದ್ದು ನೋಡಿದ್ರ ಹೊಟ್ಟಿಗೆ ಬೆಂಕಿ ಬಿದ್ದಂಗ ಆಗ್ತೈತಿ. ಆವತ್ತಂತೂ ಕಾಕಾರ ಚುರಮರಿ ಡಬ್ಬಿ ಒಗದು ಬರಬೇಕನಿಸಿತ್ತು.

ದೋರಗಾಯಿ ಇದ್ದಾಗ ಹರದು ಇಟ್ಟರಾತು ಅಂತಾರ. ಪ್ಯಾರಲಕ್ಕ ನಡೀತೈತಿ. ಕಡು ಹಸರು ಹೋಗಿ ತಿಳಿ ಹಸರು ತಿರುಗಿದಾಗ ಹರದ್ರ ಮನಿಯೊಳಗ ಹಣ್ಣಾಕ್ಕಾವ. ಚಿಕ್ಕೂ ಹಂಗ. ಡಾಳಿಂಬ ಏನ ಮಾಡ್ತೀರಿ? ಅದು ಗಿಡದ ಮ್ಯಾಲ ಹಣ್ಣಾದ್ರ ಆತು, ಹರದ ಮ್ಯಾಲ ಹಣ್ಣಾಗೂ ಜಾತಿ ಅಲ್ಲ. ಹಾಳಿ ಕಟ್ಟಿದೆ, ಹರದ್ವು. ಅರಿವಿ ಚೀಲ ಕಟ್ಟಿದೆ, ಚೀಲಕ್ಕ ತೂತು ಮಾಡಿ ಕಾಳು ಒಂದೊಂದ ಆರಿಸಿ ತಿಂದು, ಖಾಲಿ ತೊಗಟಿ ನನಗಂತ ಒಳಗ ಬಿಟ್ಟಿದ್ವು. ಗಿಡಕ್ಕ ತಗಡು ಸುತ್ತಿದ್ರ ಹತ್ತಂಗಿಲ್ಲ ಅನ್ನೋದು ಖರೆ, ಬಯಲಾಗ ಒಂದ ಗಿಡ ಇದ್ರ. ನಮ್ಮಲ್ಲೆ ಗೋಡಿ, ಕರೆಂಟಿನ ತಂತಿ, ಚಿಕ್ಕುಗಿಡದ ಟೊಂಗಿ, ಎಲ್ಲಿಂದರ ಜಿಗದು ಬರ್ತಾವ.

ಇಲಿ ಬೋನಿನಾಗ ಹಿಡದು ಕೆಲಗೇರಿ ಕೆರಿ ಕಡೆ ಬಿಟ್ಟು ಬಾ ಅಂದಾರ. ಒಂದನ್ನ ಒಯ್ದು ಬಿಟ್ರ ಆ ಜಾಗಾಕ್ಕ ಮತ್ತೊಂದು ಬರ್ತೈತಿ, ಗೋಡಿ ಮ್ಯಾಲ ಚುರಮರಿ ಇದ್ದೇ ಇರ್ತೈತಲ್ಲ. ಹಾಲುಣ್ಣಸೋ ತಾಯಿನ ಹಿಡದು ಒಯ್ದ್ರ ಏಸಿ ಹಿಂದಿನ ಮರಿ ಗತಿ ಏನು? ವಿಷಾ ಇಡ್ರಿ ಅಂದವರಿಗೆ ನಾನು ಉತ್ತರಾನ ಕೊಟ್ಟಿಲ್ಲ.

ಇಷ್ಟೆಲ್ಲಾ ಆದ ಮ್ಯಾಲ ಮೊನ್ನೆ ಕಾಕು ತಾಟು ಹಿಡಕೊಂಡು ಬಂದ್ರು. ಮನಿಯೊಳಗ ಸತ್ಯನಾರಾಯಣ ಪೂಜಾ ಅಂತ, ಐದು ಪ್ಯಾರಲ ಹಣ್ಣು ಬೇಕಂತ. "ಅಳಿಲು ಕಚ್ಚಿದ್ದು ಕೊಡಬ್ಯಾಡವಾ ಮತ್ತ, ದೇವರಿಗೆ ನಡಿಯಂಗಿಲ್ಲ." ನಾನು ಮಾರ್ಕೆಟ್ಟಿನಿಂದ ತಂದಿದ್ದನ್ನ ಕೊಟ್ಟು ಕಳಿಸಿದೆ. "ನಿಮ್ಮ ಗಿಡದ ಹಣ್ಣು ಭಾಳ ಚಲೋ ಅದಾವ" ಅಂತ ಹೊಗಳಿ ಹೋದ್ರು.

ಈಗ ಡಾಳಿಂಬಕ್ಕ ಅರ್ಧ ಇಂಚಿನ ಕಣ್ಣಿನ ಕಬ್ಬಣ ಜಾಳಗಿ ಪಂಜರ ಮಾಡಸಾಕತ್ತೇನಿ, ನೈಲಾನ್ ಬಲಿ ಅವಕ್ಕ ಲೆಕ್ಕಕ್ಕಿಲ್ಲ. ಡ್ರಿಪ್ ಪೈಪು ಮಣ್ಣಾಗ ಹುಗಿಸೇನಿ. ವೆಲ್ಡಿಂಗಿನವ ಹೇಳಿದ ರೇಟಿಗೆ ಎರಡು ವರ್ಷದ ಡಾಳಿಂಬ ಕೊಂಡು ತಿನ್ನಬಹುದಿತ್ತು, ಇರಲಿ. ಪ್ಯಾರಲಗಿಡ ದೊಡ್ಡದು, ಅದಕ್ಕ ಪಂಜರ ಆಗೂ ಮಾತಲ್ಲ. ಕಾಕಾ, ನೀವು ಇದನ್ನ ಓದ್ತೀರಿ ಅಂತ ಗೊತ್ತೈತಿ. ಪುಣ್ಯ ಬೇಕಂದ್ರ ಚುರಮರಿ ನಿಮ್ಮ ಮಾಳಗಿ ಮ್ಯಾಲ ಹಾಕ್ರಿ, ನೀರಿನ ಬಟ್ಟಲಾನೂ ಅಲ್ಲೇ ಇಡ್ರಿ. ನಡುವಿನ ಗೋಡಿ ಮ್ಯಾಲ ನಾಳಿಂದ ಒಂದು ಕಾಳು ಕಂಡ್ರ, ದಿನಾ ಮುಂಜಾನೆ ಬಳದ ಎಂಜಲ ಹಣ್ಣಿನ ಬಕೆಟ್ ನಿಮ್ಮ ಫರಸಿ ಮ್ಯಾಲ ತಂದು ಇಡ್ತೇನಿ.