ಆಂಟ್ರಿಮ್ ಕೌಂಟಿಯ ಹನ್ನೆರಡು ಮತ

2020ರ ನವೆಂಬರ್ 4ರ ಬೆಳಗಿನ ಜಾವ ಮಿಷಿಗನ್ ರಾಜ್ಯದ ಆಂಟ್ರಿಮ್ ಕೌಂಟಿಯವರು (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಅಧ್ಯಕ್ಷ ಚುನಾವಣೆಯ ತಮ್ಮ ಫಲಿತಾಂಶ ಹಾಕಿದರು. ಡೆಮಾಕ್ರಟ್ ಬೈಡನ್ 7,769, ರಿಪಬ್ಲಿಕನ್ ಟ್ರಂಪ್ 4,509. ಅಲ್ಲಿನ ರಾಜಕೀಯ ಗೊತ್ತಿದ್ದವರು ಯಾರೂ ನಂಬಲಾಗದ ಲೆಕ್ಕ ಅದು. ಸುಮಾರು 23 ಸಾವಿರ ಜನರಿರುವ ಆ ಕೌಂಟಿ ರಿಪಬ್ಲಿಕನ್ ಪಕ್ಷದ ಗಟ್ಟಿ ನೆಲ. ಚುನಾವಣೆ ನಡೆಸಿದ ಕೌಂಟಿ ಕ್ಲರ್ಕ್ ಕೂಡ ರಿಪಬ್ಲಿಕನ್. ಮತ್ತೆ ಲೆಕ್ಕ ಹಾಕಿ ಕೊನೆಗೆ ಪ್ರಮಾಣೀಕರಿಸಿದ ಅಂಕಿ ಹೀಗಿತ್ತು: ಟ್ರಂಪ್ 9,748, ಬೈಡನ್ 5,960. ಡಿಸೆಂಬರ್ 17ರಂದು ಕ್ಯಾಮೆರಾ ಇಟ್ಟು, ನೇರ ಪ್ರಸಾರ ಮಾಡಿ, ಪ್ರತಿಯೊಂದು ಮತಪತ್ರವನ್ನೂ ಕೈಯಲ್ಲೇ ಎಣಿಸಿದರು. ಟ್ರಂಪ್ 9,759, ಬೈಡನ್ 5,959. ಪ್ರಮಾಣೀಕರಿಸಿದ ಲೆಕ್ಕಕ್ಕೂ ಕೈ ಎಣಿಕೆಗೂ ಅಂತರದಲ್ಲಿ ಬಂದ ವ್ಯತ್ಯಾಸ 12 ಮತ.

ಅಂದರೆ ಕಾಗದ ಸರಿಯಾಗಿತ್ತು, ತಪ್ಪಿದ್ದು ಮೊದಲ ರಾತ್ರಿಯ ಪಟ್ಟಿ ಮಾತ್ರ. ಆದರೂ "ಯಂತ್ರ ಮತ ಕದಿಯಿತು" ಎಂಬ ಮಾತು ಇಡೀ ದೇಶ ಸುತ್ತಿ ಇವತ್ತಿಗೂ ಬದುಕಿದೆ. ಅಮೆರಿಕದ ಮತದಾರ, ಅಲ್ಲಿನ ಮಾಧ್ಯಮ, ಅವೆರಡರ ನಡುವೆ ಸಿಕ್ಕ ಸತ್ಯ, ಇವುಗಳ ಬಗ್ಗೆ ಮಾತಾಡಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು ಅಂತ ನನ್ನ ಅನಿಸಿಕೆ.

ಮೊದಲು, ತಪ್ಪಾದದ್ದು ಹೇಗೆ? ಸಿಇಟಿ ಬರೆದವರಿಗೆ ಬೇಗ ಅರ್ಥವಾಗುತ್ತದೆ. ಅಮೆರಿಕದ ಮತಪತ್ರ ನಮ್ಮ ಓಎಂಆರ್ ಹಾಳೆಯ ಹಾಗೆ. ಹೆಸರಿನ ಪಕ್ಕದ ಗುಂಡಿಗೆ ಪೆನ್ನಿನಲ್ಲಿ ಕಪ್ಪು ತುಂಬಬೇಕು. ಅದೇ ಹಾಳೆಯಲ್ಲಿ ಅಧ್ಯಕ್ಷ, ಸೆನೆಟರ್, ಶೆರಿಫ್, ನ್ಯಾಯಾಧೀಶರು, ಶಾಲಾ ಮಂಡಳಿ, ಊರಿನ ತೆರಿಗೆ ಪ್ರಶ್ನೆ, ಎಲ್ಲವೂ ಇರುತ್ತವೆ. ಹಾಗಾಗಿ ಕೌಂಟಿಯೊಳಗಿನ ಸಣ್ಣ ಸ್ಥಳೀಯ ಘಟಕಗಳಾದ, ಪಕ್ಕಪಕ್ಕದ ಎರಡು ಟೌನ್‌ಶಿಪ್‌ಗಳ ಮತಪತ್ರವೂ ಒಂದೇ ಥರ ಇರುವುದಿಲ್ಲ. ಯಾವ ಗುಂಡಿ ಯಾರದ್ದು ಎಂದು ಸ್ಕ್ಯಾನರಿಗೆ ಹೇಳುವ ಕೀಲಿ ಒಂದು ಮೆಮೊರಿ ಕಾರ್ಡಿನಲ್ಲಿರುತ್ತದೆ.

ಅಕ್ಟೋಬರ್‌ನಲ್ಲಿ, ಎಲ್ಲ ಸಿದ್ಧವಾದ ಮೇಲೆ, ಕೆಲವು ಕಡೆಯ ಸ್ಥಳೀಯ ಸ್ಪರ್ಧೆಗಳಲ್ಲಿ ತಿದ್ದುಪಡಿ ಆಯಿತು. ಕೌಂಟಿಯ ಕಂಪ್ಯೂಟರಿನಲ್ಲಿ ಹೊಸ ಕೀಲಿ ಕೂತಿತು. ತಿದ್ದುಪಡಿ ಇಲ್ಲದ ಟೌನ್‌ಶಿಪ್‌ಗಳ ಸ್ಕ್ಯಾನರುಗಳಲ್ಲಿ ಹಳೆಯ ಕಾರ್ಡೇ ಉಳಿಯಿತು. "ಅವರ ಮತಪತ್ರ ಬದಲಾಗಿಲ್ಲವಲ್ಲ" ಎಂದುಕೊಳ್ಳುವುದು ಸಹಜ. ಆದರೆ ಪಟ್ಟಿಯ ನಡುವೆ ಒಂದು ಸಾಲು ಸೇರಿದರೆ ಅದರ ಕೆಳಗಿನ ಅಭ್ಯರ್ಥಿಗಳ ಒಳಸಂಖ್ಯೆಗಳೆಲ್ಲ ಒಂದೊಂದು ಜರುಗುತ್ತವೆ. ಪ್ರಶ್ನೆಪತ್ರಿಕೆಗೆ ಒಂದು ಪ್ರಶ್ನೆ ಸೇರಿಸಿ, ಹಳೆ ಕ್ರಮದಲ್ಲಿ ಬರೆದ ಉತ್ತರಗಳನ್ನು ಹೊಸ ಕೀಲಿಯಲ್ಲಿ ತಿದ್ದಿದರೆ ಏನಾಗುತ್ತದೋ ಅದೇ ಆಯಿತು. ಒಬ್ಬರಿಗೆ ಬಿದ್ದ ಮತ ಕಂಪ್ಯೂಟರಿನಲ್ಲಿ ಪಕ್ಕದ ಸಾಲಿಗೆ ಹೋಗಿ ಕೂತಿತು.

ಸ್ಕ್ಯಾನರುಗಳಿಂದ ಹೊರಬಂದ ಕಾಗದದ ಟೇಪಿನಲ್ಲಿ ಅಂಕಿ ಸರಿಯಾಗಿಯೇ ಇತ್ತು. ಅಂಗಡಿಯ ಬಿಲ್ಲಿನಂಥ ಆ ಉದ್ದನೆಯ ಪಟ್ಟಿಯನ್ನು ಪರದೆಯ ಮೇಲಿನ ಮೊತ್ತದ ಜೊತೆ ತಾಳೆ ನೋಡಿದ್ದರೆ ಕಾಲು ಗಂಟೆಯಲ್ಲಿ ಸಿಕ್ಕಿಬೀಳುತ್ತಿದ್ದ ತಪ್ಪು. ತಿದ್ದುಪಡಿ ಆದ ಮೇಲೆ ಎಲ್ಲ ಯಂತ್ರಗಳಿಗೂ ಹೊಸ ಕಾರ್ಡ್ ಹಾಕಿ, ಗುರುತು ಮಾಡಿದ ಮಾದರಿ ಹಾಳೆಗಳನ್ನು ಓಡಿಸಿ ಪರೀಕ್ಷಿಸಿದ್ದರೆ ತಪ್ಪೇ ಆಗುತ್ತಿರಲಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಭದ್ರತಾ ಪ್ರಾಧ್ಯಾಪಕ ಅಲೆಕ್ಸ್ ಹಾಲ್ಡರ್‌ಮನ್ 2021ರ ಮಾರ್ಚ್‌ನಲ್ಲಿ ಇದನ್ನೆಲ್ಲ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿಟ್ಟರು. ಮತಯಂತ್ರಗಳಲ್ಲಿ ಲೋಪವಿದೆ ಎಂದು ವರ್ಷಗಟ್ಟಲೆ ಎಚ್ಚರಿಸುತ್ತಾ ಬಂದವರು ಅವರೇ, ಯಂತ್ರದ ವಕೀಲರಂತೂ ಅಲ್ಲ. ಜೂನ್‌ನಲ್ಲಿ ರಿಪಬ್ಲಿಕನ್ನರದ್ದೇ ಬಹುಮತವಿದ್ದ ರಾಜ್ಯ ಸೆನೆಟ್ ಸಮಿತಿಯೂ ವ್ಯಾಪಕ ಅಕ್ರಮಕ್ಕೆ ಪುರಾವೆ ಇಲ್ಲವೆಂದು ವರದಿ ಕೊಟ್ಟಿತು. ಆಂಟ್ರಿಮ್ ಹೆಸರಿನಲ್ಲಿ ಸುಳ್ಳು ಹೇಳಿ ಹಣ, ಹೆಸರು ಮಾಡಿಕೊಂಡವರ ಮೇಲೆ ತನಿಖೆ ನಡೆಸುವ ಬಗ್ಗೆ ಯೋಚಿಸಿ ಎಂದು ಅಟಾರ್ನಿ ಜನರಲ್‌ಗೆ ಶಿಫಾರಸನ್ನೂ ಮಾಡಿತು.

ಅಷ್ಟರಲ್ಲಿ ತಡವಾಗಿತ್ತು. ಡಿಸೆಂಬರ್‌ನಲ್ಲೇ ಒಂದು ಖಾಸಗಿ ತಂಡ "68% ದೋಷ" ಎಂಬ ವರದಿ ಹೊರಬಿಟ್ಟಿತ್ತು. ಯಂತ್ರದ ಲಾಗ್‌ನಲ್ಲಿದ್ದ ಸಾಮಾನ್ಯ ಎಚ್ಚರಿಕೆ ಸಂದೇಶಗಳನ್ನು ಎಣಿಸಿ, ಅವೇ ಎಣಿಕೆಯ ತಪ್ಪು ಎಂಬಂತೆ ತೋರಿಸಿತ್ತು. ಆಗ ಅಧ್ಯಕ್ಷರಾಗಿದ್ದ ಟ್ರಂಪ್ ಅವರೇ ಅದನ್ನು ಟ್ವೀಟ್ ಮಾಡಿದರು. ಆಂಟ್ರಿಮ್‌ನಲ್ಲಿದ್ದದ್ದು ಡೊಮಿನಿಯನ್ ಕಂಪನಿಯ ಯಂತ್ರಗಳು. ಆ ಹೆಸರು ಟೀವಿಗೆ ಹತ್ತಿತು.

ಮಾಧ್ಯಮದ ಪಾತ್ರ ನನಗೆ ಅತಿ ಹೆಚ್ಚು ನೋವು ಕೊಡುವುದು ಇಲ್ಲಿ. ಚುನಾವಣೆಯ ರಾತ್ರಿ 11:20ಕ್ಕೆ ರಿಪಬ್ಲಿಕನ್ ಬೆಂಬಲಿಗರು ಹೆಚ್ಚು ನೋಡುವ ಫಾಕ್ಸ್ ನ್ಯೂಸ್ ಚಾನೆಲ್ ಎಲ್ಲರಿಗಿಂತ ಮೊದಲು "ಅರಿಜೋನಾ ಬೈಡನ್ ಪಾಲು" ಎಂದು ಘೋಷಿಸಿತು. ಕೊನೆಗೆ ಬೈಡನ್ ಅಲ್ಲಿ 10,457 ಮತದಿಂದ ಗೆದ್ದರು. ಅಷ್ಟು ಸಣ್ಣ ಅಂತರಕ್ಕೆ ಆ ಘೋಷಣೆ ಅವಸರದ್ದೇ, ಆದರೆ ಫಲಿತಾಂಶ ಸುಳ್ಳಾಗಲಿಲ್ಲ. ಆದರೂ ಅದರ ನೋಡುಗರು ಸಿಟ್ಟಾದರು, ಹಲವರು ಬೇರೆ ಚಾನೆಲ್‌ಗಳ ಕಡೆ ತಿರುಗಿದರು. ಆ ಘೋಷಣೆಯನ್ನು ಪರದೆಯ ಮೇಲೆ ಸಮರ್ಥಿಸಿದ ರಾಜಕೀಯ ಸಂಪಾದಕ ಕ್ರಿಸ್ ಸ್ಟೈರ್‌ವಾಲ್ಟ್ 2021ರ ಜನವರಿಯಲ್ಲಿ ಕೆಲಸ ಕಳೆದುಕೊಂಡರು. ಆಮೇಲೆ, ಯಂತ್ರದ ಆರೋಪ ಪ್ರಸಾರ ಮಾಡಿದ್ದಕ್ಕೆ ಫಾಕ್ಸ್ ಮೇಲೆ ಡೊಮಿನಿಯನ್ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ಹೊರಬಂದ ಸಂದೇಶಗಳನ್ನು ನೋಡಿದರೆ, ಚಾನೆಲ್ಲಿನ ಒಳಗಿದ್ದ ದೊಡ್ಡವರಿಗೇ ಈ ಯಂತ್ರದ ಕತೆಯಲ್ಲಿ ನಂಬಿಕೆ ಇರಲಿಲ್ಲ. ನೋಡುಗರು ಕೈತಪ್ಪುತ್ತಾರೆಂಬ ಭಯ ಮಾತ್ರ ಚೆನ್ನಾಗಿ ಇತ್ತು. 2023ರ ಏಪ್ರಿಲ್ 18ರಂದು, ವಾದ ಶುರುವಾಗಬೇಕಾದ ಹೊತ್ತಿಗೆ, 78.75 ಕೋಟಿ ಡಾಲರಿಗೆ ರಾಜಿಯಾಯಿತು.

ಮಾಧ್ಯಮ ಜನರನ್ನು ಕೆಡಿಸಿತು ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಇಲ್ಲಿ ನೋಡುಗರೂ ಮಾಧ್ಯಮವನ್ನು ಕೆಡಿಸಿದರು. ನಿಜ ಹೇಳಿದವರಿಗೆ ರಿಮೋಟ್ ಒತ್ತಿ ಶಿಕ್ಷೆ ಕೊಟ್ಟರು, ಇಷ್ಟವಾದದ್ದನ್ನು ಹೇಳಿದವರಿಗೆ ಬಹುಮಾನ ಕೊಟ್ಟರು. ಮತದಾರನ ನಡವಳಿಕೆ ಎಂದರೆ ಮತಗಟ್ಟೆಯಲ್ಲಿ ಮಾಡುವ ಕೆಲಸವಷ್ಟೇ ಎಂದು ನೋಡುವುದನ್ನು ನಾವು ಬಿಡಬೇಕು. ಸಂಜೆ ಯಾವ ಚಾನೆಲ್ ಹಾಕುತ್ತಾನೆ ಎನ್ನುವುದೂ ಅದರ ಭಾಗವೇ.

ಗ್ಯಾಲಪ್ ಸಂಸ್ಥೆ ಐವತ್ತು ವರ್ಷದಿಂದ ಒಂದು ಪ್ರಶ್ನೆ ಕೇಳುತ್ತಿದೆ: ಪತ್ರಿಕೆ, ಟೀವಿ, ರೇಡಿಯೊ ಸುದ್ದಿಯನ್ನು ಪೂರ್ಣವಾಗಿ, ನಿಖರವಾಗಿ, ನ್ಯಾಯವಾಗಿ ಕೊಡುತ್ತವೆಂದು ನಂಬುತ್ತೀರಾ? 1976ರಲ್ಲಿ 72% ಜನ ಹೌದು ಅಂದಿದ್ದರು. 2024ರಲ್ಲಿ 31%. ಅದರಲ್ಲೂ ಡೆಮಾಕ್ರಟರು 54%, ರಿಪಬ್ಲಿಕನ್ನರು 12%. ಮಾಧ್ಯಮದವರ ತಪ್ಪೂ ಇದರಲ್ಲಿ ಕಡಿಮೆ ಇಲ್ಲ. 2000ದ ಅಧ್ಯಕ್ಷ ಚುನಾವಣೆಯಲ್ಲಿ ಫ್ಲಾರಿಡಾದ ಪಶ್ಚಿಮ ತುದಿಯಲ್ಲಿ ಮತದಾನ ಮುಗಿಯುವ ಮೊದಲೇ ಚಾನೆಲ್‌ಗಳು ಆ ರಾಜ್ಯವನ್ನು ಡೆಮಾಕ್ರಟ್ ಗೋರ್‌ಗೆ ಕೊಟ್ಟವು, ವಾಪಸ್ ಪಡೆದವು, ಮಧ್ಯರಾತ್ರಿ ಕಳೆದ ಮೇಲೆ ರಿಪಬ್ಲಿಕನ್ ಬುಷ್‌ಗೆ ಕೊಟ್ಟವು, ಅದನ್ನೂ ವಾಪಸ್ ಪಡೆದವು. ಕೊನೆಗೆ ಉಳಿದ ಅಂತರ 537 ಮತ. 2016ರಲ್ಲಿ ಹಲವು ರಾಜ್ಯ ಸಮೀಕ್ಷೆಗಳು ಕಾಲೇಜು ಓದದ ಮತದಾರರಿಗೆ ಸರಿಯಾದ ತೂಕ ಕೊಡದೆ ಎಡವಿದವು. ಇಂಥದ್ದನ್ನು ಜನ ಮರೆಯುವುದಿಲ್ಲ, ಮರೆಯಬೇಕಾಗಿಯೂ ಇಲ್ಲ.

ಈಗ ನಮ್ಮವರು ಕೇಳುವ ಪ್ರಶ್ನೆಗೆ ಬರೋಣ. ನಮ್ಮಲ್ಲಿ ಬೆಳಿಗ್ಗೆ 8ಕ್ಕೆ ಎಣಿಕೆ ಶುರುವಾದರೆ ಸಂಜೆಯೊಳಗೆ ಬಹುಪಾಲು ಮುಗಿಯುತ್ತದೆ, ಅಲ್ಲಿ ನಾಲ್ಕೈದು ದಿನ ಯಾಕೆ? ನಮಗೆ ಒಂದು ಚುನಾವಣಾ ಆಯೋಗ, ಒಂದು ಗುಂಡಿ, ಒಂದು ಮತ. ಅಲ್ಲಿ ದೇಶಕ್ಕೆಲ್ಲ ಚುನಾವಣೆ ನಡೆಸಿ ಫಲಿತಾಂಶ ಘೋಷಿಸುವ ಒಂದು ಆಯೋಗವಿಲ್ಲ. ಸಾವಿರಾರು ಕೌಂಟಿ, ಊರುಗಳು ತಮ್ಮ ತಮ್ಮ ರಾಜ್ಯದ ಕಾನೂನಿನಂತೆ ಎಣಿಸುತ್ತವೆ. ರಾತ್ರಿ ಕೇಳುವ "ಗೆದ್ದರು" ಎಂಬುದು ಅಸೋಸಿಯೇಟೆಡ್ ಪ್ರೆಸ್‌ನಂಥ ಸುದ್ದಿಸಂಸ್ಥೆಗಳ ಅಂದಾಜು. ಅಧಿಕೃತ ಫಲಿತಾಂಶ ಬರುವುದು ವಾರಗಳ ನಂತರ, ಕೌಂಟಿಯವರು ದಾಖಲೆ ತಾಳೆ ನೋಡಿ ಸಹಿ ಹಾಕಿದ ಮೇಲೆ.

ಪೆನ್ಸಿಲ್ವೇನಿಯಾದ ಒಂದು ಅಂಚೆ ಮತದ ದಾರಿ ನೋಡಿ. ಹೊರ ಲಕೋಟೆಯ ಮೇಲೆ ಮತದಾರನ ಘೋಷಣೆ, ಸಹಿ. ಅದರೊಳಗೆ ಹೆಸರಿಲ್ಲದ ಗೋಪ್ಯ ಲಕೋಟೆ. ಅದರೊಳಗೆ ಮಡಿಸಿದ ಮತಪತ್ರ. ಮೊದಲು ಘೋಷಣೆ ಪರಿಶೀಲಿಸಬೇಕು. ಹೊರ ಲಕೋಟೆ ಬಿಚ್ಚಿ ಒಳಗಿನದನ್ನು ಬೇರೆ ಮಾಡಬೇಕು, ಯಾರ ಮತ ಯಾವುದು ಎಂದು ತಿಳಿಯದ ಹಾಗೆ. ಗೋಪ್ಯ ಲಕೋಟೆ ಇಲ್ಲದೆ ಬರಿದಾಗಿ ಬಂದ ಮತಪತ್ರ ಎಣಿಕೆಗೆ ಸೇರುವುದಿಲ್ಲ ಎಂದು 2020ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಹಾಳೆಯ ಮಡಿಕೆಯನ್ನು ಹಿಂದಕ್ಕೆ ಬಾಗಿಸಿ ಸಪಾಟು ಮಾಡದಿದ್ದರೆ ಸ್ಕ್ಯಾನರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಇಂಥವು 2020ರಲ್ಲಿ ಸುಮಾರು 26 ಲಕ್ಷ ಬಂದವು. ಇಷ್ಟೆಲ್ಲ ಕೆಲಸವನ್ನು ಮತದಾನದ ದಿನ ಬೆಳಿಗ್ಗೆ 7ಕ್ಕೆ ಮುಂಚೆ ಮುಟ್ಟುವಂತಿಲ್ಲ ಎನ್ನುತ್ತದೆ ಅಲ್ಲಿನ ಕಾನೂನು. ಅದೇ ಸಿಬ್ಬಂದಿ ಅದೇ ದಿನ ಮತಗಟ್ಟೆಗಳನ್ನೂ ನೋಡಿಕೊಳ್ಳಬೇಕು. ಫ್ಲಾರಿಡಾದಲ್ಲಿ ಸುಮಾರು ಮೂರು ವಾರ ಮುಂಚೆಯೇ ಲಕೋಟೆ ಬಿಚ್ಚುತ್ತಾರೆ, ಹಾಗಾಗಿ ಅದೇ ರಾತ್ರಿ ಮುಗಿಯುತ್ತದೆ.

ಇದರ ಜೊತೆಗೆ ಮತದಾರರ ಆಯ್ಕೆಯೂ ಸೇರಿತು. ಎಂಐಟಿಯ ಸಮೀಕ್ಷೆ ಪ್ರಕಾರ 2020ರಲ್ಲಿ ಡೆಮಾಕ್ರಟರ ಪೈಕಿ 60% ಜನ ಅಂಚೆಯಲ್ಲಿ ಮತ ಹಾಕಿದರು, ರಿಪಬ್ಲಿಕನ್ನರಲ್ಲಿ 32%. ಅಂಚೆ ಮತ ನಂಬಬೇಡಿ ಎಂದು ಟ್ರಂಪ್ ತಿಂಗಳುಗಟ್ಟಲೆ ಹೇಳಿದ್ದರ ಫಲ ಅದರಲ್ಲಿ ಕಾಣುತ್ತದೆ. ಮತಗಟ್ಟೆಯ ಮತ ಮೊದಲು ಎಣಿಕೆಯಾದ್ದರಿಂದ ಆ ರಾತ್ರಿ ಪೆನ್ಸಿಲ್ವೇನಿಯಾದಲ್ಲಿ ಟ್ರಂಪ್ ಏಳು ಲಕ್ಷದಷ್ಟು ಮುಂದಿದ್ದರು. ಲಕೋಟೆಗಳು ಬಿಚ್ಚುತ್ತಾ ಹೋದ ಹಾಗೆ ಅಂತರ ಕರಗಿ, ಬೈಡನ್ 80,555 ಮತದಿಂದ ಗೆದ್ದರು. ಮೊದಲೇ ಲೆಕ್ಕ ಹಾಕಿ ಹೇಳಬಹುದಾದ ಈ ಏರಿಳಿತವನ್ನು ಕೋಟ್ಯಂತರ ಜನ ಕಣ್ಣೆದುರಿನ ಕಳ್ಳತನ ಎಂದು ನೋಡಿದರು. ಮುಂಚೆ ಬಿಚ್ಚಲು ಬಿಡಿ ಎಂದು ಕೌಂಟಿಗಳವರು ಕೇಳುತ್ತಲೇ ಬಂದರೂ 2024ರಲ್ಲೂ ಅದೇ 7 ಗಂಟೆಯ ನಿಯಮ ಇತ್ತು. ಇದನ್ನು ಸರಿಪಡಿಸದ ಶಾಸಕರನ್ನು ಕ್ಷಮಿಸಲು ನನಗೆ ಆಗುವುದಿಲ್ಲ.

ಇದು ಒಂದು ಪಕ್ಷದವರ ಕಾಯಿಲೆ ಎಂದುಕೊಳ್ಳುವವರಿಗೆ 2024ರ ಚುನಾವಣೆಯನ್ನು ನೆನಪಿಸಬೇಕು. ಅದರಲ್ಲಿ ಡೆಮಾಕ್ರಟ್ ಹ್ಯಾರಿಸ್ ಟ್ರಂಪ್ ಎದುರು ಸೋತರು. ನವೆಂಬರ್ 6ರ ಬೆಳಿಗ್ಗೆಯೇ "ಬೈಡನ್‌ಗೆ 8.1 ಕೋಟಿ ಬಂದಿತ್ತು, ಹ್ಯಾರಿಸ್‌ಗೆ ಅಷ್ಟಿಲ್ಲ, 2 ಕೋಟಿ ಮತ ಮಾಯ" ಎಂದು ಹ್ಯಾರಿಸ್ ಬೆಂಬಲಿಗರು ಹಂಚತೊಡಗಿದರು. ಮಾಯವಾಗಿದ್ದವು ಅಲ್ಲ, ಎಣಿಸದೆ ಉಳಿದಿದ್ದವು ಆ ಮತಗಳಲ್ಲಿ ಬಹಳಷ್ಟು. ಕ್ಯಾಲಿಫೋರ್ನಿಯಾದಲ್ಲಿ ಮತದಾನದ ದಿನದ ಅಂಚೆ ಮುದ್ರೆ ಇದ್ದ ಲಕೋಟೆ ಏಳು ದಿನ ತಡವಾಗಿ ಬಂದರೂ ಸೇರುತ್ತಿತ್ತು. ಸಹಿ ಹೊಂದದಿದ್ದರೆ ಮತದಾರನಿಗೆ ತಿಳಿಸಿ ಸರಿಪಡಿಸಿಕೊಳ್ಳಲು ಅವಕಾಶ ಕೊಡುತ್ತಾರೆ. ಎಲ್ಲ ಮುಗಿದಾಗ ಹ್ಯಾರಿಸ್‌ಗೆ ಸುಮಾರು 7.5 ಕೋಟಿ, ಟ್ರಂಪ್‌ಗೆ 7.7 ಕೋಟಿ ದಾಟಿತ್ತು. ಅದೇ ತಡ ಎಣಿಕೆಯಿಂದ ಟ್ರಂಪ್ ಪಾಲು 50%ಕ್ಕಿಂತ ತುಸು ಕೆಳಗಿಳಿದು 49.8%ಕ್ಕೆ ನಿಂತಿತು.

ಜನಾಭಿಪ್ರಾಯ ಸಮೀಕ್ಷೆ ನಡೆಸುವ ಪ್ಯೂ ಸಂಸ್ಥೆಯ ಅಂಕಿ ಇನ್ನೂ ಚುಚ್ಚುತ್ತದೆ. 2020ರಲ್ಲಿ ಚುನಾವಣೆ ಚೆನ್ನಾಗಿ ನಡೆಯಿತು ಎಂದ ಟ್ರಂಪ್ ಮತದಾರರು 21%. 2024ರಲ್ಲಿ 93%. ಬಹುಪಾಲು ಅವೇ ಕೌಂಟಿ ಕಚೇರಿಗಳು, ಅವೇ ಬಗೆಯ ಸ್ಕ್ಯಾನರುಗಳು, ಅವೇ ಲಕೋಟೆಗಳು. ಬದಲಾದದ್ದು ಗೆದ್ದವರು. ಹ್ಯಾರಿಸ್ ಮತದಾರರಲ್ಲಿ, ಸೋತ ಮೇಲೂ, 84% ಜನ ಚೆನ್ನಾಗಿ ನಡೆಯಿತು ಅಂದರು. ಸೋತ ನಾಯಕಿ ಮರುದಿನವೇ ಸೋಲೊಪ್ಪಿಕೊಂಡರೆ ಬೆಂಬಲಿಗರ ಮೇಲೆ ಅದರ ಪರಿಣಾಮ ಎಷ್ಟಿರುತ್ತದೆ ಎಂದು ನಾನು ಇದರಲ್ಲಿ ಓದುತ್ತೇನೆ.

ಹಾಗಾದರೆ ಯಾರನ್ನೂ ನಂಬದವರು ಏನನ್ನು ನೋಡಬೇಕು? ನನ್ನ ಉತ್ತರ ಕಾಗದ, ಮತ್ತು ಅದನ್ನು ತಾಳೆ ನೋಡುವ ಕ್ರಮ. ನಮ್ಮಲ್ಲಿ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಗಳ ವಿವಿಪ್ಯಾಟ್ ಚೀಟಿ ಎಣಿಸುತ್ತಾರಲ್ಲ, ಅದರ ಅಣ್ಣನಂಥ ಪದ್ಧತಿ ಕೊಲರಾಡೊದಲ್ಲಿ 2017ರಿಂದ ರಾಜ್ಯದಾದ್ಯಂತ ನಡೆಯುತ್ತಿದೆ. ಸಾರ್ವಜನಿಕರ ಎದುರಿಗೆ ಹತ್ತು ಮುಖದ ದಾಳವನ್ನು ಇಪ್ಪತ್ತು ಸಲ ಉರುಳಿಸುತ್ತಾರೆ. ಬಿದ್ದ ಇಪ್ಪತ್ತು ಅಂಕಿಗಳ ಸಂಖ್ಯೆಯನ್ನು ಕಂಪ್ಯೂಟರಿಗೆ ಕೊಟ್ಟರೆ ಯಾವ ಕೌಂಟಿಯ ಯಾವ ಪೆಟ್ಟಿಗೆಯ ಎಷ್ಟನೆಯ ಹಾಳೆ ಎಂದು ಪಟ್ಟಿ ಬರುತ್ತದೆ. ಎರಡೂ ಪಕ್ಷದವರಿರುವ ತಂಡ ಆ ಹಾಳೆ ತೆಗೆದು, ಕಣ್ಣಲ್ಲಿ ನೋಡಿ, ಯಂತ್ರ ಓದಿದ್ದಕ್ಕೆ ಹೋಲಿಸುತ್ತದೆ. ಅಂತರ ಕಡಿಮೆ ಇದ್ದಷ್ಟೂ ಹೆಚ್ಚು ಹಾಳೆ ತೆಗೆಯಬೇಕು. ಹೊಂದದಿದ್ದರೆ ಇನ್ನಷ್ಟು, ಬೇಕಾದರೆ ಪೂರ್ತಿ.

ಅಲ್ಲಿ ಪೌರತ್ವ ಪಡೆದು ಮತ ಹಾಕುವ ಕನ್ನಡಿಗರು ಸಾಕಷ್ಟು ಜನ ಇದ್ದೀರಿ. ನಿಮ್ಮ ಕೌಂಟಿಯ ಸೈಟಿಗೆ ಹೋಗಿ, ಯಂತ್ರ ಪರೀಕ್ಷೆಯ ದಿನಾಂಕ ಹುಡುಕಿ. ಸಾಮಾನ್ಯವಾಗಿ ಮತದಾನಕ್ಕೆ ಕೆಲವು ವಾರ ಮೊದಲು, ಸಾರ್ವಜನಿಕರಿಗೆ ತೆರೆದೇ ಇರುತ್ತದೆ. ಅಲ್ಲಿ ಒಂದೇ ಪ್ರಶ್ನೆ ಕೇಳಿದರೂ ಸಾಕು: ಮತಪತ್ರ ಕೊನೆಗಳಿಗೆಯಲ್ಲಿ ತಿದ್ದಿದ್ದೀರಾ, ತಿದ್ದಿದ ಮೇಲೆ ಎಲ್ಲ ಕಾರ್ಡುಗಳನ್ನೂ ಬದಲಾಯಿಸಿದ್ದೀರಾ?