400 ಆಂಪಿಯರ್, 22 ಕಡುಬು

ಇಂದು ಬೆಳಗ್ಗೆ ಎಂಟೂಕಾಲಕ್ಕೆ ನಮ್ಮ ತೋಟದ ಏರಿನಲ್ಲಿ 22 ಕಡುಬುಗಳು ಉರುಳಿಹೋದವು. ಈಗ ಬರೆಯಲು ಕುಳಿತಿರುವ ಹೊತ್ತಿಗೆ 19 ಸಿಕ್ಕಿವೆ. ಉಳಿದ ಮೂರು ಕಾಫಿ ಗಿಡಗಳ ಬುಡದಲ್ಲಿರಬೇಕು, ಇಲ್ಲವೇ ನಮ್ಮ ನಾಯಿಯ ಹೊಟ್ಟೆಯಲ್ಲಿರಬೇಕು. ಕಡುಬು ಮಾಡಿದ ನನ್ನ ಸೋದರತ್ತೆ ಅಂದಿನಿಂದ, ಅಂದರೆ ಬೆಳಗ್ಗೆ ಎಂಟೂಕಾಲರಿಂದ, ನನಗೆ ಹೇಳಬೇಕಾದುದನ್ನೆಲ್ಲ ಆ ನಾಯಿಗೇ ಹೇಳುತ್ತಿದ್ದಾರೆ.

ಇದಕ್ಕೆಲ್ಲ ಕಾರಣ ಒಂದು ಗಾಲ್ಫ್ ಗಾಡಿ. ಕೈಮರ ದಾಟಿ ಗಿರಿಯ ಕಡೆಗಿರುವ ನಮ್ಮ ತೋಟದಲ್ಲಿ ನಾಲ್ಕು ಕೋಣೆಗಳ ಹೋಂಸ್ಟೇ ಇದೆ. ಗೇಟಿನಿಂದ ಮನೆಗೆ ಒಂದು ಕಡಿದಾದ ಏರು. ಅತಿಥಿಗಳ ಪೆಟ್ಟಿಗೆಗಳನ್ನು ಸಾಗಿಸಲೆಂದು ಕಳೆದ ವರ್ಷ ಒಂದು ಹಳೆಯ ಬ್ಯಾಟರಿ ಗಾಡಿಯನ್ನು ಕೊಂಡೆ. ಹುಲ್ಲು ತಿನ್ನುವುದಿಲ್ಲ, ಡೀಸೆಲ್ ಕುಡಿಯುವುದಿಲ್ಲ ಎಂದು ಮಾರಿದವರು ಹೇಳಿದ್ದರು. ಅದರ ಆರು ಬ್ಯಾಟರಿಗಳು ಡಿಸ್ಟಿಲ್ಡ್ ವಾಟರ್ ಕುಡಿಯುತ್ತವೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಸಮತಟ್ಟಾದ ಹುಲ್ಲುಹಾಸಿನ ಮೇಲೆ ಗಂಟೆಗೆ 20–22 ಕಿಲೋಮೀಟರ್ ವೇಗದಲ್ಲಿ ಚೆಂಡಿನ ಹಿಂದೆ ಹೋಗಲೆಂದು ಹುಟ್ಟಿದ ಗಾಡಿಯನ್ನು, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತಪ್ಪಲಿಗೆ ತಂದು ಏರು ಹತ್ತು ಎಂದದ್ದು ನನ್ನದೇ ತಪ್ಪು. ಇಬ್ಬರು ಕುಳಿತರೆ ಅದು ಹತ್ತುತ್ತಿತ್ತು. ನಾಲ್ವರು ಕುಳಿತರೆ ಅರ್ಧ ದಾರಿಯಲ್ಲಿ, ಹಲಸಿನ ಮರದ ಹತ್ತಿರ ನಿಟ್ಟುಸಿರಿಟ್ಟು ನಿಲ್ಲುತ್ತಿತ್ತು. ಆಗ ದುಡ್ಡು ಕೊಟ್ಟು ಬಂದ ಅತಿಥಿಗಳೇ ಇಳಿದು ತಳ್ಳುತ್ತಿದ್ದರು, ಒಬ್ಬರು ವಿಡಿಯೊ ಮಾಡುತ್ತಿದ್ದರು.

ಮೊದಲ ಸುಧಾರಣೆ ಮಗನದು. ಗಾಡಿ ಗಂಭೀರವಾಗಿ ಕಾಣಲಿ, ವೇಗವೂ ಹೆಚ್ಚಲಿ ಎಂದು 18 ಇಂಚಿನ ಟೈರುಗಳನ್ನು ತೆಗೆಸಿ 22 ಇಂಚಿನವನ್ನು ಹಾಕಿಸಿದ. ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಹೆಚ್ಚು ದೂರ ಸಾಗುತ್ತದೆ, ನಿಜ. ವೇಗ ಲೆಕ್ಕದಲ್ಲಿ ಶೇಕಡಾ 22ರಷ್ಟು ಹೆಚ್ಚಿತು. ಆದರೆ ನೆಲವನ್ನು ಎಳೆಯುವ ಬಲ ಶೇಕಡಾ 18ರಷ್ಟು ಕುಗ್ಗಿತು. ಗಾಡಿ ಈಗ ಹಲಸಿನ ಮರವನ್ನು ಮೊದಲಿಗಿಂತ ಬೇಗ ತಲುಪಿ, ಮೊದಲಿಗಿಂತ ಗಟ್ಟಿಯಾಗಿ ನಿಲ್ಲತೊಡಗಿತು.

ಆಮೇಲೆ ಬಂದವರು ನಮ್ಮ ವೈಂಡಿಂಗ್ ಮೇಸ್ತ್ರಿಗಳು. ಪಂಪ್‌ಸೆಟ್ಟಿನ ಮೋಟಾರುಗಳನ್ನು ಮೂವತ್ತು ವರ್ಷಗಳಿಂದ ಕಟ್ಟುತ್ತಿರುವ ಇವರ ಕೈಗುಣದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಕಿವಿಯ ಬಗ್ಗೆ. ಯಾವುದೇ ಯಂತ್ರದ ಮುಂದೆ ನಿಂತರೂ ಅವರು ಜೇಬಿನಿಂದ ಉದ್ದನೆಯ ಹಳದಿ ಹಿಡಿಯ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಯಂತ್ರದ ಮೈಗೂ ಹಿಡಿಯನ್ನು ತಮ್ಮ ಬಲಗಿವಿಗೂ ಒತ್ತಿ, ಕಣ್ಣು ಮುಚ್ಚುತ್ತಾರೆ. ಆಗ ಯಾರೂ ಮಾತನಾಡುವಂತಿಲ್ಲ. ಕೆಮ್ಮಿದವರಿಗೆ ಎಡಗೈ ಎತ್ತಿ ತಡೆಯುತ್ತಾರೆ. ಒಂದು ನಿಮಿಷದ ನಂತರ "ಹೂಂ" ಎನ್ನುತ್ತಾರೆ. ಆ "ಹೂಂ" ನನ್ನ ಜೇಬಿಗೆ ಎಷ್ಟು ಭಾರವಾಗಲಿದೆ ಎಂಬುದನ್ನು ಅದರ ಉದ್ದದಿಂದಲೇ ಅಳೆಯಬಹುದು. ಗಾಡಿಯ ಮೋಟಾರನ್ನು ಅವರು ಮೂರು ದಿನ ಕೇಳಿದರು. ಏರಿನಲ್ಲಿ ಕೇಳಿದರು, ಇಳಿಜಾರಿನಲ್ಲಿ ಕೇಳಿದರು. ಒಮ್ಮೆ ಗಾಡಿಯನ್ನು ಪೂರ್ತಿ ನಿಲ್ಲಿಸಿ, ಸ್ವಿಚ್ ತೆಗೆಸಿಯೂ ಕೇಳಿದರು. ಸುಮ್ಮನಿರುವ ಮೋಟಾರಿನಲ್ಲಿ ಏನು ಕೇಳಿಸುತ್ತದೆ ಎಂದು ನಾನು ತಡೆಯಲಾರದೆ ಕೇಳಿದ್ದಕ್ಕೆ, "ಅದೇ ಸಾರ್ ಪ್ರಾಬ್ಲಂ, ಏನೂ ಕೇಳಿಸ್ತಿಲ್ಲ" ಎಂದರು.

ಕೊನೆಗೆ ಅವರು ಹೇಳಿದ ಸೂತ್ರವೇನೋ ಸರಿಯಾಗಿಯೇ ಇತ್ತು. ಬ್ಯಾಟರಿ ಗಾಡಿಯಲ್ಲಿ ಓಟ ಕೊಡುವುದು ವೋಲ್ಟು, ಎಳೆತ ಕೊಡುವುದು ಆಂಪಿಯರು. ನಮ್ಮದು ಎಂಟೆಂಟು ವೋಲ್ಟಿನ ಆರು ಬ್ಯಾಟರಿಗಳ 48 ವೋಲ್ಟಿನ ಗಾಡಿ. ಅದನ್ನು ಮುಟ್ಟುವುದು ಬೇಡ, ಕಂಟ್ರೋಲರ್ ಬದಲಿಸೋಣ ಎಂದರು. ಮೋಟಾರಿಗೆ 250 ಆಂಪಿಯರಿಗಿಂತ ಹೆಚ್ಚು ಬಿಡದ ಹಳೆಯ ಕಂಟ್ರೋಲರಿನ ಜಾಗಕ್ಕೆ 400 ಆಂಪಿಯರಿನದು ಬಂತು. ಅಷ್ಟು ಕರೆಂಟು ಹರಿಯಬೇಕಾದರೆ ಅದನ್ನು ಬಿಡುವ, ತಡೆಯುವ ಸ್ವಿಚ್ಚು, ಅಂದರೆ ಸಾಲಿನೋಯ್ಡ್, ದೊಡ್ಡದಾಗಬೇಕು, 16 ಚದರ ಮಿಲಿಮೀಟರಿನ ಕೇಬಲ್ 35 ಆಗಬೇಕು. ಕರಿಮೆಣಸು ಮಾರಿದ ಹಣ ಹೀಗೆ ತಾಮ್ರವಾಗಿ ಸೀಟಿನ ಕೆಳಗೆ ಸೇರಿತು. ಇಷ್ಟಾದರೂ ಗಾಡಿ ಹಲಸಿನ ಮರದವರೆಗೆ ಹೋಗಿ ಯೋಚಿಸುತ್ತಿತ್ತು. ಹೊಸ ಕಂಟ್ರೋಲರಿಗೆ ಮೊಬೈಲಿನಲ್ಲಿ ಒಂದು ಆ್ಯಪ್ ಇದೆ. ಪೆಡಲ್ ಒತ್ತಿದೊಡನೆ ಎಷ್ಟು ರಭಸದಿಂದ ಹೊರಡಬೇಕೆಂಬುದನ್ನು ಅದರಲ್ಲಿ ಹೇಳಬಹುದು. ಮಗ ಅದನ್ನು ತುತ್ತತುದಿಗೆ ಏರಿಸಿಟ್ಟ. ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ. ಅವನು ಏರಿಸಿದ್ದನ್ನು ಮರೆತ. ನನಗೆ ಆ ವಿಷಯ ಗೊತ್ತೇ ಇರಲಿಲ್ಲ.

ನಿಜವಾದ ರೋಗವನ್ನು ಕಂಡುಹಿಡಿದವರು ನಮ್ಮ ತೋಟದ ಲೆಕ್ಕ ಬರೆಯುವ ರೈಟರು, ಅದೂ ನಿನ್ನೆ ಸಂಜೆ, ಕೈ ಸುಟ್ಟುಕೊಂಡು. ಏರು ಹತ್ತಿ ಬಂದ ಗಾಡಿಯ ಸೀಟೆತ್ತಿ ನೀರು ನೋಡಲು ಹೋದವರ ಬೆರಳು ನಾಲ್ಕನೆಯ ಬ್ಯಾಟರಿಯ ತುದಿಗೆ ತಾಗಿತ್ತು. ಆ ಟರ್ಮಿನಲ್ಲಿನ ಸುತ್ತ ಹಸಿರು ಬೆರೆತ ಬಿಳಿಯ ಹೂವು ಹಿಡಿದು, ಹಳೆಯ ಗೋಡೆಯ ಸುಣ್ಣದಂತೆ ಪುಡಿಪುಡಿಯಾಗಿತ್ತು. ಹೊಸ ಕೇಬಲ್ಲನ್ನು ಮೇಸ್ತ್ರಿಗಳು ಆ ಪುಡಿಯ ಮೇಲೆಯೇ ಬಿಗಿದಿದ್ದರು. ಮಗ ಮೀಟರ್ ಹಿಡಿದು ನೋಡಿದ: 200 ಆಂಪಿಯರ್ ಹರಿಯುವಾಗ ಆ ಒಂದೇ ಜಾಗದಲ್ಲಿ 4 ವೋಲ್ಟು ಸೋರುತ್ತಿತ್ತು. ಎಂದರೆ 800 ವಾಟು. ಇಷ್ಟು ದಿನ ನಾವು ಸೀಟಿನ ಕೆಳಗೆ ಒಂದು ಇಸ್ತ್ರಿಪೆಟ್ಟಿಗೆಯನ್ನು ಕಾಯಿಸುತ್ತಾ, ಉಳಿದ ಕರೆಂಟಿನಲ್ಲಿ ಅತಿಥಿಗಳನ್ನು ಹತ್ತಿಸುತ್ತಿದ್ದೆವು. ಆ ಜಾಗದಿಂದ ಒಂದು ಶಬ್ದವೂ ಬರುತ್ತಿರಲಿಲ್ಲವಾದ್ದರಿಂದ ಸ್ಕ್ರೂಡ್ರೈವರಿಗೆ ಅದು ದಕ್ಕಿರಲಿಲ್ಲ. ಬಿಸಿನೀರಿಗೆ ಅಡುಗೆ ಸೋಡಾ ಕದಡಿ ಉಜ್ಜಿ, ಒರೆಸಿ, ಬಿಗಿದೆವು. ಒಟ್ಟು ಖರ್ಚು ಮೂರು ಚಮಚ ಸೋಡಾ. "ಇದನ್ನೇ ಮೊದಲು ಮಾಡಬಾರದಿತ್ತೇನ್ರೀ?" ಎಂದು ಕೇಳಿದ ಹೆಂಡತಿಗೆ ಉತ್ತರವಿರಲಿಲ್ಲ.

ಇನ್ನು ಇಂದು ಬೆಳಗ್ಗೆ. ಗೇಟಿನ ಹತ್ತಿರದ ಕೆಳಮನೆಯಲ್ಲಿರುವ ಅತ್ತೆ, ಬೆಂಗಳೂರಿನ ಅತಿಥಿಗಳಿಗೆಂದು ಅಕ್ಕಿತರಿಯ ಕಡುಬು ಬೇಯಿಸಿ, ಸ್ಟೀಲ್ ಡಬ್ಬಿಯಲ್ಲಿ ತುಂಬಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕುಳಿತರು. ಈ ಗಾಡಿಯ ಹಿಂದಿನ ಸೀಟು ಹಿಂದಕ್ಕೇ ಮುಖ ಮಾಡಿದೆ. ಡೀಸೆಲ್ ಜೀಪಿಗಾದರೆ ಎಳೆತ ಬರಲು ಎಂಜಿನ್ ಸ್ವಲ್ಪ ಓಡಬೇಕು. ಈ ಮೋಟಾರಿನ ಪೂರ್ತಿ ಬಲ ನಿಂತ ನಿಲುವಿನಲ್ಲೇ ಸಿದ್ಧವಾಗಿರುತ್ತದೆ. ನಾನು ಎಂದಿನಂತೆ ಪೆಡಲನ್ನು ಕೊನೆಯವರೆಗೆ ಒತ್ತಿದೆ. ಗಾಡಿ ಹೊರಡಲಿಲ್ಲ, ಹಾರಿತು. ಅತ್ತೆ ಎರಡೂ ಕೈಗಳಿಂದ ಕಂಬಿ ಹಿಡಿದು ಉಳಿದರು. ಕೈಬಿಟ್ಟ ಡಬ್ಬಿ ಮಾತ್ರ ಇದ್ದಲ್ಲೇ ಇರಲು ನಿರ್ಧರಿಸಿತು. ನೆಲಕ್ಕೆ ಬಿದ್ದು ಮುಚ್ಚಳ ಹಾರಿ, ಒಂದೊಂದೂ ನಿಂಬೆಹಣ್ಣಿಗಿಂತ ದಪ್ಪನೆಯ ಕಡುಬುಗಳು ಆವಿ ಬಿಡುತ್ತಾ, ಮೊದಲು ಗುಂಪಾಗಿ, ಆಮೇಲೆ ಒಂದರ ಹಿಂದೊಂದು, ಗೇಟಿನ ಕಡೆಗೆ ಹೊರಟವು. ಎಲ್ಲಕ್ಕಿಂತ ಹಿಂದೆ ಮುಚ್ಚಳ, ಅದರ ಹಿಂದೆ ನಾಯಿ. ಒಂದು ಕಡುಬಂತೂ ತಿರುವಿನಲ್ಲಿ ಸರಿಯಾಗಿ ತಿರುಗಿದ್ದನ್ನು ನಾನು ಕನ್ನಡಿಯಲ್ಲಿ ಕಂಡೆ. ನಾನು ಅಷ್ಟು ಚೆನ್ನಾಗಿ ತಿರುಗಿಸಲಿಲ್ಲ. ಈ ಗಾಡಿಗೆ ಬ್ರೇಕಿರುವುದು ಹಿಂದಿನ ಎರಡು ಚಕ್ರಗಳಿಗಷ್ಟೇ; ಶಕ್ತಿ ಹೆಚ್ಚಿಸುವ ಸಡಗರದಲ್ಲಿ ನಿಲ್ಲಿಸುವ ವಿಚಾರ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಂತೂ ಗಾಡಿ ಜಾರಿ ನಿಂತದ್ದು ಹಲಸಿನ ಮರದ ಬುಡದಲ್ಲಿ.

ಅತ್ತೆ ಇಳಿದರು. ಸೆರಗು ಸರಿಪಡಿಸಿಕೊಂಡರು. ಬಾಯಲ್ಲಿ ಕಡುಬು ಕಚ್ಚಿಕೊಂಡು ಬಂದ ನಾಯಿಯತ್ತ ತಿರುಗಿ, "ನಮ್ಮ ಬಸವನೂ ಇಲ್ಲೇ ನಿಲ್ತಿದ್ದ, ಗೊತ್ತೇನೋ? ಅಣ್ಣ ಒಂದು ದಿನವೂ ಬಾರುಕೋಲು ಎತ್ತಲಿಲ್ಲ. ಅವನೂ ಇಳಿದು ಎಲೆಅಡಿಕೆ ಹಾಕ್ಕೊಳ್ತಿದ್ದ" ಎಂದರು. ಅಣ್ಣನೆಂದರೆ ನನ್ನ ತಂದೆ. ಆ ಮರದ ಬೇರಿನ ಮೇಲೆ, ಎತ್ತುಗಳು ಸುಧಾರಿಸಿಕೊಳ್ಳುವವರೆಗೆ ಅವರ ಪಕ್ಕದಲ್ಲಿ ಕುಳಿತಿರುತ್ತಿದ್ದ ನೆನಪು ನನಗೂ ಇದೆ, ಅವಸರವಿದ್ದ ನೆನಪಿಲ್ಲ. ಅತ್ತೆ ಉಳಿದ ಏರನ್ನು ನಡೆದೇ ಹತ್ತಿದರು. ನಾನು ಬುಟ್ಟಿ ಹಿಡಿದು ಕಡುಬು ಹೆಕ್ಕಲು ಇಳಿದೆ. ಅತಿಥಿಗಳು ಉಪ್ಪಿಟ್ಟು ತಿಂದರು.

ಮಧ್ಯಾಹ್ನ ಮೇಸ್ತ್ರಿಗಳ ಫೋನು ಬಂತು. ಗಾಡಿ ಹಾರಿದ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು, ದನಿಯಲ್ಲಿ ಹೆಮ್ಮೆಯಿತ್ತು.

"ಹೊರಟಾಗ ಸೌಂಡ್ ಹೆಂಗಿತ್ತು ಸಾರ್?"

ಗಾಡಿಯದೋ, ಡಬ್ಬಿಯದೋ, ಅತ್ತೆಯದೋ ಎಂದು ಕೇಳಿದೆ. ಆ ಕಡೆಯಿಂದ "ಹೂಂ" ಎಂದರು. ತುಂಬ ಉದ್ದವಾಗಿತ್ತು.