ಬಿಡಿಸಲಾಗದ ಬೀಗ

ಪುಣೆ ಬಳಿಯ ಮುಳಶಿ ಜಲಾಶಯದ ಹಿನ್ನೀರನ್ನು ಹತ್ತಿರದಿಂದ ನೋಡುವ ಆಸೆಗೆ ಬಿದ್ದು, ತಾಮ್ಹಿಣಿ ಘಾಟಿನ ಡಾಂಬರು ರಸ್ತೆಯನ್ನು ಬಿಟ್ಟು ಕೆಳಗಿಳಿದ ಜುಲೈ ತಿಂಗಳ ಒಂದು ಭಾನುವಾರ, ನನ್ನ ಹಳೆಯ ಫೋರ್ ವೀಲ್ ಡ್ರೈವ್ ಪಿಕಪ್ ಭತ್ತದ ಗದ್ದೆಯ ಬದುವಿನ ಮೇಲೆ ಓರೆಯಾಗಿ ನಿಂತುಬಿಟ್ಟಿತು. ಮುಂದಿನ ಬಲಚಕ್ರ ಮತ್ತು ಹಿಂದಿನ ಎಡಚಕ್ರ ಗಾಳಿಯಲ್ಲಿ ಗಿರಗಿರನೆ ತಿರುಗುತ್ತಿದ್ದವು. ನೆಲದ ಮೇಲೆ ಗಟ್ಟಿಯಾಗಿ ಕುಳಿತಿದ್ದ ಉಳಿದೆರಡು ಚಕ್ರಗಳು ಅಲುಗಾಡಲೇ ಇಲ್ಲ. ಕೊನೆಗೆ ಗದ್ದೆಯ ಒಡೆಯನ ಹದಿನೆಂಟರ ಮಗ ಟ್ರ್ಯಾಕ್ಟರ್ ತಂದು ನಮ್ಮನ್ನು ಎಳೆದು ಹಾಕಿದ. ಅದರ ಚಕ್ರವೂ ಕೆಸರಿನಲ್ಲಿ ಜಾರಿದಾಗ ಅವನು ಹಿಮ್ಮಡಿಯಿಂದ ಒಂದು ಪೆಡಲನ್ನು ಒತ್ತಿದ್ದನ್ನು ನಾನು ಕಂಡೆ. ಅದು ಡಿಫರೆನ್ಷಿಯಲ್ ಲಾಕ್.

ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕಾದ್ದರಿಂದ ಎರಡು ಚಕ್ರಗಳಿಗೆ ಬೇರೆ ಬೇರೆ ವೇಗವನ್ನು ಅನುಮತಿಸುವ ಸಜ್ಜನನೇ ಡಿಫರೆನ್ಷಿಯಲ್. ಆದರೆ ಅವನ ಸಮತಾವಾದ ವಿಪರೀತದ್ದು. ತಮ್ಮ ಎರಡೇ ತುತ್ತು ಉಂಡನೆಂದು ಹಸಿದ ಅಣ್ಣನಿಗೂ ಎರಡೇ ತುತ್ತು ಬಡಿಸುವ ತಂದೆಯಂತೆ, ಜಾರುವ ಚಕ್ರ ಎಷ್ಟು ಬಲವನ್ನು ಹಿಡಿಯಬಲ್ಲದೋ ಅಷ್ಟನ್ನೇ ಗಟ್ಟಿ ನೆಲದ ಚಕ್ರಕ್ಕೂ ಕೊಡುತ್ತಾನೆ. ಎರಡು ಚಕ್ರಗಳನ್ನೂ ಒಂದಕ್ಕೊಂದು ಬಿಗಿದು ಈ ತಂದೆಯ ಕೈಯಿಂದ ಸೌಟನ್ನು ಕಸಿದುಕೊಳ್ಳುವುದು ಆ ಲಾಕಿನ, ಅಂದರೆ ಲಾಕರಿನ, ಕೆಲಸ.

“ಲಾಕರ್ ತೊಗೋಬೇಕಂತ ಮಾಡೀನಿ” ಎಂದು ಮನೆಯಲ್ಲಿ ಘೋಷಿಸಿದಾಗ, ನನ್ನ ಹೆಂಡತಿ ಬಹಳ ಸಂತೋಷದಿಂದ ಬ್ಯಾಂಕಿಗೆ ಒಯ್ಯಲೆಂದು ಬಂಗಾರದ ಪಾಟ್ಲಿ, ಬಿಲ್ವರಗಳನ್ನು ತೆಗೆದಿಟ್ಟಳು. ವಿಷಯ ತಿಳಿದ ಮೇಲೆ ಎರಡು ದಿನ ಮಾತಿಲ್ಲ.

ಆಯ್ಕೆಗೆ ಹದಿಮೂರು ತಿಂಗಳು ಹಿಡಿಯಿತು. ಚಕ್ರದ ಜಾರುವಿಕೆಗೆ ಮಿತಿ ಹಾಕುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಸೌಮ್ಯ ಸ್ವಭಾವದ್ದು. ಆದರೆ ಅದರ ಕ್ಲಚ್ ಪ್ಲೇಟುಗಳು ಸವೆಯುತ್ತವೆ, ಮತ್ತು ಚಕ್ರ ಗಾಳಿಯಲ್ಲಿ ತೇಲಿದರೆ ಅದಕ್ಕೂ ಕೈ ಸಾಗದು. ತಾನಾಗಿ ಬಿಗಿಯುವ ಆಟೊಮ್ಯಾಟಿಕ್ ಲಾಕರಿಗೆ ಸ್ವಿಚ್ಚೇ ಬೇಡ, ಆದರೆ ತಿರುವುಗಳಲ್ಲಿ ಅದು ಕಟಕಟ ಹಲ್ಲು ಕಡಿಯುತ್ತದೆ. ಗಾಳಿಯ ಒತ್ತಡದಿಂದ ಬಿಗಿಯುವ ಲಾಕರಿಗೆ ಕಂಪ್ರೆಸರ್, ನಳಿಗೆಗಳ ಸಂಸಾರವೇ ಬೇಕು. ಮುಂದಿನ ಎಕ್ಸೆಲಿಗೂ ಹಾಕಿಸಿದರೆ, ಬೀಗ ಬಿದ್ದಾಗ ಸ್ಟಿಯರಿಂಗ್ ತಿರುಗಿಸುವುದು ಬೀಸುವ ಕಲ್ಲನ್ನು ಒಂಟಿಗೈಯಲ್ಲಿ ತಿರುಗಿಸಿದಂತೆ. ನಮ್ಮ ಪುಣೆಯ ಕಂಪನಿಯದೇ ಆದ ಗುರ್ಖಾ ಗಾಡಿಗೆ ಮುಂದೆಯೂ ಹಿಂದೆಯೂ ಬೀಗಗಳು ಕಾರ್ಖಾನೆಯಿಂದಲೇ ಬರುತ್ತವೆ. ಅದನ್ನು ಕೊಂಡ ನನ್ನ ಷಡ್ಡಕನಿಗೆ ಇಂಥ ಚಿಂತನೆಯ ಸುಖವೇ ಗೊತ್ತಿಲ್ಲ. ಅಂತೂ ಹಿಂದಿನ ಎಕ್ಸೆಲಿಗೆ ಮಾತ್ರ, ವಿದ್ಯುತ್ತಿನ ಲಾಕರ್ ಎಂದು ತೀರ್ಮಾನವಾಯಿತು.

ನಾನಾ ಪೇಠೆಯ ಬಳಿ ಗ್ಯಾರೇಜ್ ಇಟ್ಟಿರುವ ಜಮಖಂಡಿ ಕಡೆಯ ಮಿಸ್ತ್ರಿ ಎಕ್ಸೆಲ್ ದಂಡದ ತುದಿಯ ಹಲ್ಲುಗಳನ್ನು ಎಣಿಸಿ ತರಲು ಹೇಳಿದ. ಗಾಡಿಯ ಕೆಳಗೆ ಮಲಗಿ, ಗ್ರೀಸಿನ ನಡುವೆ ಎಣಿಸಿ, ಇಪ್ಪತ್ತೊಂಬತ್ತು ಎಂದು ಬರೆದುಕೊಟ್ಟೆ. ಬಂದ ಲಾಕರ್ ದಂಡವನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅವನು ಸುಣ್ಣದ ಕಡ್ಡಿಯಿಂದ ಮೊದಲ ಹಲ್ಲಿಗೆ ಗುರುತು ಹಾಕಿ ಎಣಿಸಿದ, ಮೂವತ್ತು. “ಸರ, ಎಲ್ಲಿಂದ ಸುರು ಮಾಡಿದ್ರಿ ಅನ್ನೂದರ ನೆನಪಿಡಬೇಕಿಲ್ರೀ?” ಎಂದ. ನಾನು ಇಪ್ಪತ್ತೆರಡು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದವನೆಂಬುದನ್ನು ಅವನಿಗೆ ಇಂದಿಗೂ ಹೇಳಿಲ್ಲ.

ಸರಿಯಾದ ಲಾಕರ್ ಕೂರಿಸಿಕೊಂಡು ಮನೆಗೆ ಬಂದದ್ದು ಗಣೇಶ ಚೌತಿಗೆ ಎರಡು ದಿನ ಇರುವಾಗ. ಸೊಸೈಟಿಯ ಅಂಗಳದಲ್ಲಿ ಬಿದಿರಿನ ಮಂಟಪ ಎದ್ದಿತ್ತು. ಅಲ್ಲಿದ್ದ ಹುಡುಗರು ಕೇಳಿದರೆಂದು ಸ್ವಿಚ್ ಒತ್ತಿ ಒಂದು ಸುತ್ತು ತೋರಿಸಿದೆ. ಬಿಗಿದ ಚಕ್ರಗಳು ಗಟ್ಟಿ ಕಾಂಕ್ರೀಟಿನ ಮೇಲೆ ಕೀರಲು ದನಿ ತೆಗೆದವು. ಗಾಬರಿಯಲ್ಲಿ ಸ್ವಿಚ್ ಆರಿಸಿದೆ, ಅದರ ದೀಪವೂ ಆರಿತು. ಹಲ್ಲುಗಳ ಮೇಲಿನ ಬಿಗಿತ ಸಡಿಲವಾಗುವವರೆಗೆ ಒಳಗಿನ ಬೀಗ ಬಿಡುವುದಿಲ್ಲವೆಂಬುದನ್ನು ಹದಿಮೂರು ತಿಂಗಳ ಅಧ್ಯಯನದಲ್ಲಿ ಓದಿದ್ದೆನಾದರೂ, ಆ ಕ್ಷಣಕ್ಕೆ ಅದು ನೆನಪಾಗಲಿಲ್ಲ. ಸ್ಟಿಯರಿಂಗ್ ಪೂರ್ತಿ ತಿರುಗಿದ್ದರೂ ಗಾಡಿ ತನ್ನ ಪಾಡಿಗೆ ಅಗಲವಾಗಿ ಸಾಗಿ, ಮಂಟಪದ ಮುಂಗಂಬಕ್ಕೆ ಭುಜ ತಾಗಿಸಿತು. ಝಾಲರುಗಳ ಸಮೇತ ಸೂರು ನಿಧಾನವಾಗಿ ಬಾನೆಟ್ಟಿನ ಮೇಲೆ ಒರಗಿತು. ಮೂರ್ತಿ ಇನ್ನೂ ಬಂದಿರಲಿಲ್ಲವೆಂಬುದೊಂದೇ ನನ್ನ ಪುಣ್ಯ.

ಮಂಡಳದ ಖಜಾಂಚಿ ಏನೂ ಬೈಯಲಿಲ್ಲ. ನಗುನಗುತ್ತಲೇ ಆ ವರ್ಷದ ಎರಡನೆಯ ವರ್ಗಣಿಯ, ಅಂದರೆ ಚಂದಾದ, ಪಾವತಿ ಚೀಟಿಯನ್ನು ನನ್ನ ಹೆಸರಿಗೆ ಹರಿದುಕೊಟ್ಟ. ಅದನ್ನು ಹೆಂಡತಿಯ ಕೈಗಿತ್ತೆ. ಮೊತ್ತವನ್ನು ಎರಡು ಸಲ ಓದಿ, ಮಡಿಚಿ, ನನಗೇ ಹಿಂತಿರುಗಿಸಿದಳು.

“ಜ್ವಾಕಿಯಿಂದ ಇಟ್ಕೋರಿ. ಹೆಂಗೂ ಲಾಕರ್ ಐತೆಲ್ಲಾ.”